ಶಾಫ್ಟು ಎಷ್ಟು ನೇರವಿರಬೇಕು?

ಎಂಜಿನ್ ಮುಂದಿರುವ ಹಳೆಯ ಬಸ್ಸಿನಲ್ಲಿ ನಡುವಿನ ಸೀಟು ಸಿಕ್ಕವರಿಗೆ ಪಾದದಡಿಯ ಒಂದು ಸದ್ದು ಚೆನ್ನಾಗಿ ಗೊತ್ತು. ಬೆಂಗಳೂರಿನ ವಿಜಯನಗರದ ಕಡೆಯಿಂದ ಮೈಸೂರು ರಸ್ತೆಗೆ ಬಂದು, ಆರ್.ವಿ. ಕಾಲೇಜು ದಾಟಿ, ಕೆಂಗೇರಿಯ ದಿಕ್ಕಿಗೆ ರಸ್ತೆ ತುಸು ಬಿಡುವಾದಾಗ ಡ್ರೈವರ್ ಟಾಪ್ ಗೇರ್ ಹಾಕುತ್ತಾರೆ. ಒಂದು ವೇಗ ಬರುತ್ತಿದ್ದಂತೆ ನೆಲದ ತಗಡು ಗಡಗಡ ನಡುಗುತ್ತದೆ. ಇನ್ನೊಂದಿಷ್ಟು ವೇಗ ಏರಿದರೆ ನಡುಕ ತಾನಾಗಿ ಅಡಗುತ್ತದೆ. ಸಿಗ್ನಲ್ ಹತ್ತಿರವಾಗಿ ವೇಗ ಇಳಿಯುವಾಗ ಅದೇ ಹಂತದಲ್ಲಿ ಮತ್ತೆ ಹಾಜರು. ಪ್ರಯಾಣಿಕರು ರಸ್ತೆಯನ್ನು ಬೈಯುತ್ತಾರೆ. ನಮ್ಮ ರಸ್ತೆಗಳು ಬೈಗುಳಕ್ಕೆ ಅರ್ಹವೇ, ಆದರೆ ಈ ವಿಷಯದಲ್ಲಿ ತಪ್ಪು ಅವುಗಳದ್ದಲ್ಲ. ಗುಂಡಿಯ ಕುಲುಕು ಗುಂಡಿ ಇದ್ದಲ್ಲಿ ಮಾತ್ರ ಬರುತ್ತದೆ. ವೇಗದ ಲೆಕ್ಕ ಹಿಡಿದು ಬರುವ ನಡುಕಕ್ಕೆ ತಿರುಗುವ ವಸ್ತುವೊಂದು ಬೇಕು. ತಗಡಿನ ಕೆಳಗೆ, ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲಿನವರೆಗೆ ಅಂಥ ವಸ್ತು ಒಂದೇ ಇದೆ, ಪ್ರೊಪೆಲ್ಲರ್ ಶಾಫ್ಟು.

ಬಸ್ಸಿಗೆ ಪ್ರೊಪೆಲ್ಲರ್ ಇಲ್ಲದಿದ್ದರೂ ನಮ್ಮ ಗ್ಯಾರೇಜುಗಳಲ್ಲಿ ಹೆಸರು ಅದೇ. ನಿಜವಾದ ಪ್ರೊಪೆಲ್ಲರ್ ಇರುವ ಶಾಫ್ಟು ನೋಡಬೇಕೆಂದರೆ ಘಟ್ಟ ಇಳಿದು ಮಂಗಳೂರಿಗೋ ಮಲ್ಪೆಗೋ ಹೋಗಬೇಕು. ಎರಡೂ ಮಾಡುವ ಕೆಲಸ ಒಂದೇ: ಎಂಜಿನ್ ಒಂದು ಕಡೆ, ಕೆಲಸ ಇನ್ನೊಂದು ಕಡೆ, ನಡುವಿನ ದೂರಕ್ಕೆ ತಿರುಚುಬಲವನ್ನು ದಾಟಿಸುವುದು. ಆದರೆ ರಿಪೇರಿಗೆ ಕೂತಾಗ ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ದೋಣಿಯ ಶಾಫ್ಟು ಕೂದಲೆಳೆಯಷ್ಟೂ ಓರೆಯಾಗಕೂಡದು. ಬಸ್ಸಿನದು ಪೂರ್ತಿ ನೇರವಾಗಿ ಕೂತರೂ ಬೇಗ ಕೆಡುತ್ತದೆ.

ಮೊದಲು ಬಸ್ಸಿನದನ್ನೇ ನೋಡೋಣ. ಅದು ಗಟ್ಟಿ ಸರಳಲ್ಲ, ಕೊಳವೆ. ಉಕ್ಕು ಉಳಿಸುವ ಜಿಪುಣತನವೆಂದು ತೋರಬಹುದು, ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. 90 ಮಿ.ಮೀ. ಹೊರವ್ಯಾಸ, 4 ಮಿ.ಮೀ. ದಪ್ಪ ಗೋಡೆಯ ಕೊಳವೆ ಮೀಟರಿಗೆ ಸುಮಾರು ಎಂಟೂವರೆ ಕಿಲೋ ತೂಗುತ್ತದೆ. ಅದೇ ವ್ಯಾಸದ ಗಟ್ಟಿ ಸರಳು ಮೀಟರಿಗೆ 50 ಕಿಲೋ. ತೂಕ ಆರನೇ ಒಂದು ಪಾಲಿಗಿಳಿದರೂ ಕೊಳವೆ ತಡೆಯುವ ತಿರುಚು ಗಟ್ಟಿ ಸರಳಿನ ಸುಮಾರು ಮೂರನೇ ಒಂದು ಪಾಲು. ತಿರುಚುವಾಗ ಹೊರಮೈ ಹೆಚ್ಚು ದುಡಿಯುತ್ತದೆ, ನಡುವಿನ ಉಕ್ಕು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಸುಮ್ಮನಿರುವುದನ್ನು ತೆಗೆದುಹಾಕಿದ್ದಾರೆ, ಅಷ್ಟೆ.

ತೂಕಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಎರಡು ತುದಿ ಹಿಡಿದು ತಿರುಗಿಸಿದ ಯಾವುದೇ ಉದ್ದನೆಯ ಶಾಫ್ಟಿಗೆ ಅದರದೇ ಒಂದು ಕಂಪನ ವೇಗವಿರುತ್ತದೆ. ತಿರುಗುವ ವೇಗ ಅದನ್ನು ಮುಟ್ಟಿದರೆ ಶಾಫ್ಟು ನಡುವಿನಲ್ಲಿ ಬಿಲ್ಲಿನಂತೆ ಬಾಗಿ, ಬಾಗಿದ ಹಾಗೆಯೇ ಸುತ್ತತೊಡಗುತ್ತದೆ. ಸ್ಕಾಟ್ಲೆಂಡಿನ ರ‍್ಯಾಂಕಿನ್ 1869ರಲ್ಲಿ ಇದರ ಬಗ್ಗೆ ಬರೆದಾಗ, ಈ ವೇಗವನ್ನು ಮೀರಿ ಶಾಫ್ಟು ಓಡಿಸಲಾಗದು ಎಂದೇ ತಿಳಿದಿದ್ದ. ಎರಡು ದಶಕ ಕಳೆಯುವಷ್ಟರಲ್ಲಿ ಸ್ವೀಡನ್ನಿನ ಡಿ ಲಾವಾಲ್ ತನ್ನ ಉಗಿ ಟರ್ಬೈನಿಗೆ ಬೇಕೆಂದೇ ತೆಳುವಾದ, ಬಳುಕುವ ಶಾಫ್ಟು ಹಾಕಿ ಆ ವೇಗವನ್ನು ದಾಟಿಸಿ ತೋರಿಸಿದ. ದಾಟಿದ ಮೇಲೆ ಶಾಫ್ಟು ತಾನೇ ಶಾಂತವಾಯಿತು. ಬಸ್ಸಿನ ನೆಲ ಒಂದು ವೇಗದಲ್ಲಿ ನಡುಗಿ ಆಮೇಲೆ ಸುಮ್ಮನಾಗುವುದೂ ಇದೇ ಜಾತಿಯ ಸಂಗತಿ. ಅಲ್ಲಿ ಅನುರಣಿಸುವುದು ಹೆಚ್ಚಿನ ಸಲ ಕೊಳವೆಯಲ್ಲ, ನೆಲದ ತಗಡೋ, ಶಾಫ್ಟನ್ನು ನಡುವೆ ಹೊತ್ತ ಸೆಂಟರ್ ಬೇರಿಂಗನ್ನು ಹಿಡಿದಿರುವ ರಬ್ಬರೋ ಆಗಿರುತ್ತದೆ. ಕೊಳವೆಯೇ ಆ ಮಟ್ಟ ಮುಟ್ಟಿದ್ದರೆ ಬಸ್ಸು ಕೆಂಗೇರಿ ತಲುಪುತ್ತಿರಲಿಲ್ಲ.

ಮೇಲೆ ಹೇಳಿದ 90 ಮಿ.ಮೀ. ಕೊಳವೆಯನ್ನು ಮೂರು ಮೀಟರ್ ಉದ್ದಕ್ಕೆ ಒಂದೇ ತುಂಡಾಗಿ ಹಾಕಿದರೆ ಅಪಾಯದ ವೇಗ ನಿಮಿಷಕ್ಕೆ 1,600 ಸುತ್ತಿನ ಆಸುಪಾಸಿನಲ್ಲಿ ಬೀಳುತ್ತದೆ. ಹಳೆಯ ಡೀಸೆಲ್ ಎಂಜಿನ್ನು 2,400ರವರೆಗೆ ಓಡುತ್ತದೆ, ಟಾಪ್ ಗೇರಿನಲ್ಲಿ ಶಾಫ್ಟಿನದೂ ಅದೇ ವೇಗ. ಅಂದರೆ ಓಡಿಸುವ ವೇಗದ ಹೊಟ್ಟೆಯೊಳಗೇ ಅಪಾಯ ಕೂತಿದೆ. ಅದನ್ನೇ ನಡುವೆ ಕತ್ತರಿಸಿ ಒಂದೂವರೆ ಮೀಟರಿನ ಎರಡು ತುಂಡು ಮಾಡಿದರೆ ಪ್ರತಿ ತುಂಡಿನ ಅಪಾಯದ ವೇಗ 6,400ಕ್ಕೆ ಏರುತ್ತದೆ. ಉದ್ದ ಅರ್ಧವಾದರೆ ವೇಗ ನಾಲ್ಕುಪಟ್ಟು. ಬಸ್ಸಿನಡಿ ಬಗ್ಗಿ ನೋಡಿದರೆ ನಡುಮಧ್ಯದಲ್ಲಿ ಚಾಸಿಗೆ ತೂಗುಬಿಟ್ಟ ಸೆಂಟರ್ ಬೇರಿಂಗ್ ಕಾಣುತ್ತದಲ್ಲ, ಅದು ಇರುವುದು ಉದ್ದದ ವರ್ಗದ ಈ ನಿಯಮಕ್ಕಾಗಿ. ದಪ್ಪ ಗಟ್ಟಿ ಸರಳು ಹಾಕಿದರೆ ಸರಿಹೋಗುತ್ತದೆಯೇ? ಇಲ್ಲ, ಇನ್ನೂ ಕೆಡುತ್ತದೆ. ತನ್ನ ಭಾರಕ್ಕೆ ತಾನೇ ಬೇಗ ಬಳುಕುವುದರಿಂದ ಗಟ್ಟಿ ಸರಳಿನ ಅಪಾಯದ ವೇಗ ಕೊಳವೆಯದಕ್ಕಿಂತ ಕಡಿಮೆ. ಶಾಫ್ಟು ಪದೇ ಪದೇ ಕೈಕೊಡುತ್ತಿದೆ, ಬಲವಾಗಿರಲಿ ಅಂತ ಗಟ್ಟಿಯದೇ ಹಾಕಿಸೋಣ ಎನ್ನುವ ಮಾಲೀಕರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಇನ್ನು ಜಾಯಿಂಟು. ಹಿಂದಿನ ಆಕ್ಸಲ್ ಗುಂಡಿಗೊಮ್ಮೆ ಏರಿ ಇಳಿಯುತ್ತದೆ, ಗೇರ್ ಬಾಕ್ಸು ಚಾಸಿಗೆ ಕಚ್ಚಿಕೊಂಡು ಕೂತಿರುತ್ತದೆ. ನಡುವಿನ ಶಾಫ್ಟು ತಿರುಗುತ್ತಲೇ ಓರೆಯಾಗಬೇಕು. ಅದಕ್ಕಾಗಿ ಎರಡು ತುದಿಗೂ ಕ್ರಾಸ್ ಕೂರಿಸಿದ ಜಾಯಿಂಟು. ಲಂಡನ್ನಿನ ರಾಬರ್ಟ್ ಹುಕ್ 1676ರಲ್ಲಿ ಸೂರ್ಯನನ್ನು ನೋಡುವ ಉಪಕರಣಗಳ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಈ ಜಾಯಿಂಟಿನ ವಿವರ ಇದೆ. ಅದೇ ಪುಸ್ತಕದಲ್ಲಿ ಆತ ಸ್ಪ್ರಿಂಗಿನ ನಿಯಮವನ್ನೂ ಅಕ್ಷರಗಳನ್ನು ಕಲೆಸಿ ಒಗಟಾಗಿ ಬಚ್ಚಿಟ್ಟ, ಬೇರೆಯವರು ಕದಿಯದಿರಲಿ ಎಂದು. ಬಸ್ಸಿನ ಲೀಫ್ ಸ್ಪ್ರಿಂಗು, ಅದರ ಪಕ್ಕದ ಜಾಯಿಂಟು ಎರಡೂ ಒಂದೇ ಪುಸ್ತಕದ ಮಕ್ಕಳು.

ಹುಕ್‌ನ ಜಾಯಿಂಟಿಗೆ ಒಂದು ಹುಟ್ಟುದೋಷವಿದೆ. ಈ ಕಡೆಯಿಂದ ಒಂದೇ ಸಮ ತಿರುಗಿಸಿದರೂ ಆ ಕಡೆ ಒಂದೇ ಸಮ ತಿರುಗುವುದಿಲ್ಲ. ಸುತ್ತಿಗೆ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದುಳಿಯುತ್ತದೆ. ಓರೆ 10 ಡಿಗ್ರಿ ಇದ್ದರೆ ಏರಿಳಿತ ಶೇ 1.5ರಷ್ಟು, 20 ಡಿಗ್ರಿಗೆ ಶೇ 6ರಷ್ಟು, 30 ಡಿಗ್ರಿಗೆ ಹೋದರೆ ಶೇ 13 ಕೆಳಕ್ಕೆ, 15 ಮೇಲಕ್ಕೆ. ಕೋನ ಇಮ್ಮಡಿಯಾದರೆ ತೊಂದರೆ ನಾಲ್ಕುಪಟ್ಟಾಗುತ್ತದೆ ಎಂಬುದು ಈ ಅಂಕಿಗಳಲ್ಲೇ ಕಾಣುತ್ತದೆ. ಇದಕ್ಕೆ ಉಪಾಯ, ಇನ್ನೊಂದು ತುದಿಯಲ್ಲಿ ಅಷ್ಟೇ ಓರೆಯ ಇನ್ನೊಂದು ಜಾಯಿಂಟು. ಮೊದಲನೆಯದು ಹಿಗ್ಗಿಸಿದ್ದನ್ನು ಎರಡನೆಯದು ಕುಗ್ಗಿಸುತ್ತದೆ. ಷರತ್ತು ಎರಡು: ಎರಡೂ ಕೋನ ಸಮವಿರಬೇಕು, ಶಾಫ್ಟಿನ ಎರಡು ತುದಿಯಲ್ಲಿ ಕ್ರಾಸನ್ನು ಹಿಡಿದಿರುವ ಯೋಕುಗಳು ಒಂದೇ ಗೆರೆಯಲ್ಲಿರಬೇಕು. ನಡುವೆ ಹಲ್ಲುಗಳ ಜಾರುಜೋಡಣೆ, ಅಂದರೆ ಸ್ಪ್ಲೈನ್, ಇರುವುದರಿಂದ ಕಳಚಿ ಜೋಡಿಸುವಾಗ ಈ ಗೆರೆ ತಪ್ಪುವುದು ಸುಲಭ. ಅನುಭವಸ್ಥ ಮೆಕ್ಯಾನಿಕ್ ಶಾಫ್ಟಿಗೆ ಸ್ಪ್ಯಾನರ್ ಮುಟ್ಟಿಸುವ ಮೊದಲೇ ಎರಡೂ ಕಡೆ ಸೆಂಟರ್ ಪಂಚಿನಿಂದ ಒಂದೊಂದು ಚುಕ್ಕೆ ಹೊಡೆಯುತ್ತಾರೆ. ಚುಕ್ಕೆ ಹೊಡೆಯದೆ ಬಿಚ್ಚಿ, ಕಾಲು ಸುತ್ತು ತಪ್ಪಿಸಿ ಕೂರಿಸಿದರೆ ಎರಡು ಜಾಯಿಂಟು ಒಂದನ್ನೊಂದು ಸರಿಪಡಿಸುವ ಬದಲು ಕೂಡಿಕೊಂಡು ಕುಣಿಯುತ್ತವೆ. ಹೊಸ ಕ್ರಾಸ್, ಹೊಸ ಬೇರಿಂಗ್, ಹೊಸ ಬೋಲ್ಟು ಹಾಕಿದ ಮೇಲೂ ‘ರಿಪೇರಿಗೆ ಮುಂಚೆಯೇ ಚೆನ್ನಾಗಿತ್ತು’ ಎಂಬ ದೂರು ಬರುವುದು ಸಾಮಾನ್ಯವಾಗಿ ಇಲ್ಲಿಂದಲೇ.

ಓರೆಯೇ ತೊಂದರೆಯ ಮೂಲವಾದರೆ ಓರೆ ಇಲ್ಲದಂತೆ ಕೂರಿಸಿಬಿಡಬಹುದಲ್ಲ? ಕ್ರಾಸಿನ ನಾಲ್ಕು ಕೈಗೂ ಒಂದೊಂದು ಕಪ್, ಕಪ್ಪಿನೊಳಗೆ ಸೂಜಿಯಂಥ ಸಣ್ಣ ಉರುಳೆಗಳು. ಶಾಫ್ಟು ಓರೆ ಇದ್ದಾಗ ಸುತ್ತಿಗೊಮ್ಮೆ ಕ್ರಾಸಿನ ಕೈ ಹಿಂದುಮುಂದು ಆಡಿ, ಸೂಜಿಗಳು ಉರುಳಿ, ಗ್ರೀಸನ್ನು ಎಲ್ಲ ಕಡೆ ಹಚ್ಚಿಕೊಳ್ಳುತ್ತವೆ. ಪೂರ್ತಿ ನೇರವಿದ್ದರೆ ಸೂಜಿ ಉರುಳುವುದೇ ಇಲ್ಲ. ಎಂಜಿನ್ನಿನ ಇಡೀ ಬಲ ಅದೇ ಗೆರೆಯ ಮೇಲೆ, ಅದೇ ಜಾಗದಲ್ಲಿ ಬಡಿಯುತ್ತದೆ. ನಡುವಿನ ಗ್ರೀಸು ಹಿಂಡಿ ಹೋಗುತ್ತದೆ. ಬಿಚ್ಚಿ ನೋಡಿದರೆ ಕ್ರಾಸಿನ ಹೊಳೆಯುವ ಮೈಮೇಲೆ ಸೂಜಿಯ ಅಗಲಕ್ಕೆ ಸರಿಯಾಗಿ ಸಾಲುಸಾಲು ಗೀರು, ಉಗುರು ಆಡಿಸಿದರೆ ಟಕ್ ಟಕ್ ಎಂದು ಸಿಗುವಷ್ಟು ಆಳ. ಆದ್ದರಿಂದಲೇ ಅರ್ಧವೋ ಒಂದೋ ಡಿಗ್ರಿಯಷ್ಟಾದರೂ ಓರೆಯನ್ನು ಬೇಕೆಂದೇ ಬಿಟ್ಟಿರುತ್ತಾರೆ. ಗ್ರೀಸ್ ಗನ್ ಹಿಡಿದವರು ನಿಪ್ಪಲಿಗೆ ಎರಡು ಒತ್ತು ಕೊಟ್ಟು ಎದ್ದರೆ ಸಾಲದು, ನಾಲ್ಕೂ ಕಪ್ಪಿನ ಬಾಯಿಂದ ಹಳೆಯ ಗ್ರೀಸು ಹೊರಗೆ ಇಣುಕಬೇಕು. ಮೂರರಲ್ಲಿ ಬಂದು ನಾಲ್ಕನೆಯದರಲ್ಲಿ ಬಾರದಿದ್ದರೆ, ಮುಂದೆ ಕೆಡುವುದು ಆ ನಾಲ್ಕನೆಯದೇ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಿಂದ ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಇಕ್ಕೆಲದ ಅಡ್ಡರಸ್ತೆಗಳು, ಆಚೆ ಪೀಣ್ಯದವರೆಗೆ ಸಣ್ಣ ಲೇತ್ ಅಂಗಡಿಗಳ ಒಂದು ಲೋಕವೇ ಇದೆ. ಒಂದು ಶೆಟರ್, ಒಂದೆರಡು ಲೇತು, ಒಂದು ಡ್ರಿಲ್ಲಿಂಗ್ ಯಂತ್ರ, ಮೂಲೆಯಲ್ಲಿ ವೆಲ್ಡಿಂಗ್ ಸೆಟ್. ಬಸ್ಸುಗಳ ವಿಷಯದಲ್ಲಿ ದೊಡ್ಡ ಪ್ರಮಾಣದ ಕೆಲಸ ಸಾರಿಗೆ ನಿಗಮದ ಕೆಂಗೇರಿ ಪ್ರಾದೇಶಿಕ ಕಾರ್ಯಾಗಾರದಂಥ ಕಡೆ ನಡೆಯುತ್ತದೆ. ಲಕ್ಷಾಂತರ ಕಿಲೋಮೀಟರ್ ಓಡಿದ ಹಳೆಯ ಬಸ್ಸುಗಳನ್ನು ಅಲ್ಲಿ ಮತ್ತು ಹಾಸನದ ಕಾರ್ಯಾಗಾರದಲ್ಲಿ ಹೊಸದಾಗಿ ಕಟ್ಟಿ ಮತ್ತೆ ರಸ್ತೆಗಿಳಿಸಿದ್ದಾರೆ. ಖಾಸಗಿ ಲಾರಿ, ಟೆಂಪೊ, ಟ್ರ್ಯಾಕ್ಟರುಗಳ ಬಾಗಿದ, ಸವೆದ, ಮುರಿದ ಶಾಫ್ಟುಗಳು ಸೇರುವುದು ಈ ಶೆಟರುಗಳೊಳಗೆ.

ಬಾಗಿದ ಶಾಫ್ಟನ್ನು ನೆಟ್ಟಗೆ ಮಾಡುವ ಕೆಲಸ ನೋಡಬೇಕಾದದ್ದೇ. ಎರಡು ವಿ-ಬ್ಲಾಕಿನ ಮೇಲೆ ಶಾಫ್ಟು ಮಲಗಿಸಿ, ನಡುವೆ ಡಯಲ್ ಗೇಜಿನ ಮುಳ್ಳು ಮುಟ್ಟಿಸಿ, ಕೈಯಿಂದ ನಿಧಾನ ತಿರುಗಿಸುತ್ತಾರೆ. ಮುಳ್ಳು ಎಲ್ಲಿ ಹೆಚ್ಚು ಏರುತ್ತದೋ ಅಲ್ಲಿ ಬಳಪದ ಗುರುತು. ಡಯಲ್ ತೋರಿಸುವುದು ಬಾಗಿನ ಇಮ್ಮಡಿ, 1 ಮಿ.ಮೀ. ‘ಔಟ್’ ಇದ್ದರೆ ನಿಜವಾದ ಬಾಗು ಅರ್ಧ ಮಿ.ಮೀ. ಹೈಡ್ರಾಲಿಕ್ ಪ್ರೆಸ್ಸಿದ್ದರೆ ಒತ್ತಿ ನೆಟ್ಟಗೆ ಮಾಡುವುದುಂಟು. ಪ್ರೆಸ್ಸಿಲ್ಲದ ಕಡೆ ಗ್ಯಾಸ್ ಟಾರ್ಚು. ಮೊದಲ ಸಲ ನೋಡುವವರಿಗೆ ಇಲ್ಲಿ ಎಲ್ಲವೂ ತಿರುವುಮುರುವು ಅನ್ನಿಸುತ್ತದೆ: ಕಾಯಿಸುವುದು ಉಬ್ಬಿದ ಕಡೆಯನ್ನು. ಕಾದದ್ದು ಹಿಗ್ಗಬೇಕಲ್ಲ, ಉಬ್ಬು ಇನ್ನೂ ಹೆಚ್ಚಬೇಕಲ್ಲ? ಮೊದಲಿಗೆ ಹೆಚ್ಚುತ್ತದೆ ಕೂಡ, ಮುಳ್ಳು ಓಡುವುದು ಕಣ್ಣಿಗೆ ಕಾಣುತ್ತದೆ. ನಾಣ್ಯದಗಲದ ಜಾಗ ಮಂದ ಕೆಂಪಾದಾಗ ಟಾರ್ಚು ತೆಗೆಯುತ್ತಾರೆ. ತಣಿಯುತ್ತ ತಣಿಯುತ್ತ ಮುಳ್ಳು ಹಿಂದಿರುಗಿ, ಹೊರಟ ಜಾಗವನ್ನೂ ದಾಟಿ, ಆ ಕಡೆಗೆ ಹೋಗಿ ನಿಲ್ಲುತ್ತದೆ.

ಕಾರಣ ಹೀಗೆ. ಉಕ್ಕು 600 ಡಿಗ್ರಿ ಕಾದರೆ ಶೇ 0.7ರಷ್ಟು ಹಿಗ್ಗಲು ನೋಡುತ್ತದೆ. ಸುತ್ತಲಿನ ತಣ್ಣನೆಯ ಉಕ್ಕು ಬಿಡುವುದಿಲ್ಲ. ಸಾದಾ ಉಕ್ಕು ಶೇ 0.15ರ ಆಚೆ ಒತ್ತಿದರೆ ಶಾಶ್ವತವಾಗಿ ಮಣಿಯುತ್ತದೆ. ಕಾದ ಉಕ್ಕಿಗಂತೂ ಅಷ್ಟೂ ತ್ರಾಣವಿಲ್ಲ. ಹೀಗೆ ಕಾದ ಜಾಗ ಹಿಗ್ಗಲಾಗದೆ ತನ್ನೊಳಗೇ ದಪ್ಪವಾಗಿ ಕುಸಿಯುತ್ತದೆ. ತಣಿಯುವಾಗ ಕುಗ್ಗುವುದನ್ನು ಮಾತ್ರ ಯಾರೂ ತಪ್ಪಿಸಲಾರರು. ಮೊದಲಿಗಿಂತ ಗಿಡ್ಡವಾದ ಆ ತುಣುಕು ಉಬ್ಬಿದ ಬದಿಯನ್ನು ಒಳಕ್ಕೆ ಜಗ್ಗುತ್ತದೆ. ಸುತ್ತಿಗೆಯ ಒಂದು ಏಟಿಲ್ಲದೆ ಉಕ್ಕು ತನ್ನ ಬಲದಿಂದಲೇ ನೆಟ್ಟಗಾಗುತ್ತದೆ. ಎಚ್ಚರಿಕೆ ಬೇಕಾದದ್ದು ಬಣ್ಣದಲ್ಲಿ. ಅಂಗಡಿಯವರು ‘ಇಎನ್ 8’ ಎನ್ನುವ, ಶೇ 0.4ರಷ್ಟು ಇಂಗಾಲವಿರುವ ಶಾಫ್ಟಿನ ಉಕ್ಕನ್ನು ಹೊಳೆಯುವ ಕೆಂಪಿನವರೆಗೆ ಕಾಯಿಸಿ ಒದ್ದೆ ಬಟ್ಟೆ ಹಾಕಿದರೆ ಆ ಜಾಗ ಗಾಜಿನಷ್ಟು ಪೆಡಸಾಗುತ್ತದೆ. ಶಾಫ್ಟು ನೆಟ್ಟಗಾಗುತ್ತದೆ, ಮುಂದೆ ಅಲ್ಲೇ ಬಿರುಕು ಬಿಡುತ್ತದೆ.

ಇದೇ ಕಾರಣಕ್ಕೆ ಸವೆದ ಶಾಫ್ಟಿಗೆ ವೆಲ್ಡಿಂಗ್ ತುಂಬಿ ಲೇತಿನಲ್ಲಿ ಕಡೆದು ಅಳತೆಗೆ ತರುವ ನಮ್ಮೂರಿನ ಜನಪ್ರಿಯ ರಿಪೇರಿಯ ಬಗ್ಗೆ ನನಗೆ ಅನುಮಾನವಿದೆ. ನಿಧಾನ ತಿರುಗುವ, ಮುರಿದರೆ ಯಾರಿಗೂ ಪೆಟ್ಟಾಗದ ಯಂತ್ರಕ್ಕೆ ಅದು ಸಾಕು. ಕಾಯಿಸದೆ ತಣ್ಣಗಿನ ಇಎನ್ 8ರ ಮೇಲೆ ನೇರವಾಗಿ ವೆಲ್ಡ್ ಎಳೆದರೆ ಗೆರೆಯ ಪಕ್ಕದ ಉಕ್ಕು ಪೆಡಸಾಗಿ, ಮೇಲಾಗಿ ಕುಗ್ಗುವ ವೆಲ್ಡಿನ ಜಗ್ಗಾಟವನ್ನೂ ಹೊತ್ತು ನಿಂತಿರುತ್ತದೆ. ನುಣುಪಾಗಿ ಕಡೆದ ಮೇಲೆ ಇದ್ಯಾವುದೂ ಕಣ್ಣಿಗೆ ಬೀಳದು. ಪ್ರಯಾಣಿಕರ ವಾಹನದ ಶಾಫ್ಟಿಗೆ ಸ್ಲೀವ್ ಹಾಕಿಸುವುದೋ ತುದಿಯನ್ನೇ ಬದಲಿಸುವುದೋ ಮೇಲು, ಖರ್ಚು ಹೆಚ್ಚಾದರೂ.

ಮುರಿದ ಶಾಫ್ಟು ಬಂದರೆ ಅದನ್ನು ಗುಜರಿಗೆ ಎಸೆಯುವ ಮುನ್ನ ಮುರಿದ ಮುಖವನ್ನು ಒರೆಸಿ ನೋಡಬೇಕು. ಶಾಲೆಯ ಬಳಪವೊಂದನ್ನು ಎರಡು ಕೈಯಲ್ಲಿ ಹಿಡಿದು ತಿರುಚಿ: ಅದು ಅಡ್ಡಲಾಗಿ ಮುರಿಯದೆ 45 ಡಿಗ್ರಿ ಓರೆಯಲ್ಲಿ ಸುರುಳಿಯಾಗಿ ಮುರಿಯುತ್ತದೆ. ಪೆಡಸು ವಸ್ತುವನ್ನು ತಿರುಚಿದರೆ ಹೀಗೆ. ಮೆತುವಾದ ಉಕ್ಕು ಒಮ್ಮೆಲೇ ಹೊರೆ ಮೀರಿ ತಿರುಚಿಕೊಂಡರೆ ಅಡ್ಡಕ್ಕೆ, ಚಪ್ಪಟೆಯಾಗಿ, ಸುತ್ತಿದ ಗುರುತು ಬಿಟ್ಟು ಕತ್ತರಿಸಿಕೊಳ್ಳುತ್ತದೆ. ಮೂರನೆಯದೊಂದು ಬಗೆಯಿದೆ, ಹೆಚ್ಚು ಕಾಣುವುದೂ ಅದೇ: ಮುಖದ ಒಂದು ಅಂಚಿನಿಂದ ಶುರುವಾಗಿ ಒಂದರ ಹೊರಗೊಂದು ಹರಡಿದ ನಯವಾದ ಬಳೆಗೆರೆಗಳು, ಕೊನೆಯಲ್ಲಿ ಒರಟಾದ ಒಂದು ತುಂಡು. ಇದು ದಣಿವಿನ ಮುರಿತ. ಬಿರುಕು ತಿಂಗಳುಗಟ್ಟಲೆ ಒಳಗೆ ನಡೆದಿದೆ, ಉಳಿದ ಸಣ್ಣ ತುಂಡು ಕೊನೆಯ ದಿನ ಹರಿದಿದೆ. 1842ರ ಮೇ 8ರಂದು ಫ್ರಾನ್ಸಿನ ವರ್ಸೈ ಬಳಿ ರೈಲು ಎಂಜಿನ್ನಿನ ಆಕ್ಸಲ್ ತುಂಡಾಗಿ ಹಲವರು ಸತ್ತ ಮೇಲೆ ಈ ಬಗೆಯ ಮುರಿತದ ಮೇಲೆ ಎಂಜಿನಿಯರುಗಳ ಕಣ್ಣು ಬಿತ್ತು. ಮುಂದೆ ಜರ್ಮನಿಯ ವೋಲರ್ ಆಕ್ಸಲುಗಳನ್ನು ಸುತ್ತಿಸಿ ಸುತ್ತಿಸಿ ಪರೀಕ್ಷಿಸಿ, ಒಂದೇ ಸಲಕ್ಕೆ ಉಕ್ಕನ್ನು ಮುರಿಯಲಾರದ ಹೊರೆ ಲಕ್ಷಾಂತರ ಸಲ ಬಂದರೆ ಮುರಿಯುತ್ತದೆ ಎಂಬುದನ್ನು ಅಂಕಿಅಂಶದಲ್ಲಿ ತೋರಿಸಿದ. ಬಳೆಗೆರೆಗಳ ಕೇಂದ್ರ ಎಲ್ಲಿದೆ ಎಂದು ಹುಡುಕಿದರೆ ಅಲ್ಲೊಂದು ಚೂಪು ಮೂಲೆ, ಕೀ ಕೂರಿಸುವ ತೋಡಿನ ತುದಿ, ತುಕ್ಕಿನ ಕುಳಿ ಅಥವಾ ಹಳೆಯ ವೆಲ್ಡ್ ಸಿಗುತ್ತದೆ. ಹೊಸ ಶಾಫ್ಟನ್ನು ಅದೇ ಚೂಪು ಮೂಲೆಯೊಂದಿಗೆ ಕಡೆದುಕೊಟ್ಟರೆ ಅದೂ ಅಲ್ಲೇ ಮುರಿಯುತ್ತದೆ. ಮೂಲೆಗೆ ಸ್ವಲ್ಪ ದುಂಡು ಕೊಡುವುದಕ್ಕೆ ಲೇತಿನವನಿಗೆ ಹಿಡಿಯುವುದು ಕೆಲವೇ ನಿಮಿಷ.

ಈಗ ಘಟ್ಟ ಇಳಿಯೋಣ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಿಮೆಂಟು, ತರಕಾರಿ, ದಿನಸಿ ಹೊತ್ತು ಹೋಗುವ ಮಂಜಿಗಳು ಕಡತದ ಭಾಷೆಯಲ್ಲಿ ‘ಯಾಂತ್ರೀಕೃತ ಹಾಯಿ ಹಡಗು’ಗಳು. ಹಾಯಿ ನಂಬಿ ನಡೆಯುತ್ತಿದ್ದ ಮರದ ಒಡಲಿಗೆ ಡೀಸೆಲ್ ಎಂಜಿನ್ ಬಂದು ಸೇರಿದ ಪರಂಪರೆ ಅದು. ಗಾಳಿಗಾಗಿ ಕಟ್ಟಿದ ಒಡಲಿನ ಹಿಂಭಾಗದಲ್ಲಿ ತೂತು ಕೊರೆದು ಶಾಫ್ಟು ಹಾಯಿಸಿದ್ದಾರೆ. ಮಲ್ಪೆ, ಗಂಗೊಳ್ಳಿ, ಕಾರವಾರದ ಮೀನುಗಾರಿಕೆ ಬೋಟುಗಳದ್ದೂ ಇದೇ ವ್ಯವಸ್ಥೆ. ಇಲ್ಲಿ ಶಾಫ್ಟು ಗಟ್ಟಿ ಸರಳು, ಉದ್ದ ಕಡಿಮೆ, ಗೇರ್ ಬಾಕ್ಸು ವೇಗ ಇಳಿಸುವುದರಿಂದ ತಿರುಗುವುದೂ ನಿಧಾನ. ಬಳುಕಿ ಸುತ್ತುವ ಭಯ ಕಡಿಮೆ. ಬೇರೆ ಶತ್ರುಗಳಿದ್ದಾರೆ.

ಮೊದಲನೆಯದು ಉಪ್ಪುನೀರು, ಅದರಲ್ಲೂ ನಿಂತ ಉಪ್ಪುನೀರು. ಶಾಫ್ಟಿಗೆ ಬಳಸುವ ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಅದರ ಮೈಮೇಲಿನ, ಕಣ್ಣಿಗೆ ಕಾಣದಷ್ಟು ತೆಳುವಾದ ಕ್ರೋಮಿಯಂ ಆಕ್ಸೈಡಿನ ಪದರದಿಂದ. ಗೀರಿದರೂ ಆ ಪದರ ಮತ್ತೆ ಹುಟ್ಟುತ್ತದೆ, ನೀರಿನಲ್ಲಿ ಆಮ್ಲಜನಕ ಇರುವವರೆಗೆ. ಶಾಫ್ಟು ಒಡಲನ್ನು ದಾಟುವ ಸ್ಟರ್ನ್ ಟ್ಯೂಬಿನೊಳಗೆ, ರಬ್ಬರ್ ಬೇರಿಂಗಿನ ಸಂದಿಯಲ್ಲಿ, ನೀರು ತಡೆಯುವ ಗ್ಲ್ಯಾಂಡಿನ ದಾರದ ಪ್ಯಾಕಿಂಗ್ ಕೆಳಗೆ ನೀರು ನಿಂತುಬಿಟ್ಟರೆ ಆಮ್ಲಜನಕ ಮುಗಿದುಹೋಗುತ್ತದೆ. ಪದರ ಸೋಲುತ್ತದೆ, ಸೂಜಿ ಚುಚ್ಚಿದಂಥ ಕುಳಿಗಳು ಒಳಕ್ಕಿಳಿಯುತ್ತವೆ. ದಿನವೂ ಕಡಲಿಗೆ ಹೋಗುವ ಬೋಟಿಗಿಂತ ಬಂದರಿನಲ್ಲಿ ಕಟ್ಟಿಹಾಕಿದ ಬೋಟಿನ ಶಾಫ್ಟು ಬೇಗ ಕೆಡುವುದು ಹೀಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಬೋಟುಗಳನ್ನು ದಡಕ್ಕೆಳೆದು ರಿಪೇರಿ ಮಾಡುತ್ತಾರಷ್ಟೆ. ಶಾಫ್ಟನ್ನು ಹೊರಗೆಳೆದು ಪ್ಯಾಕಿಂಗ್ ಕೂರುವ ಜಾಗವನ್ನು ಬೆರಳಾಡಿಸಿ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ಎರಡನೆಯದು ಲೋಹಗಳ ಜಗಳ. ಕಂಚಿನ ಜಾತಿಯ ಪ್ರೊಪೆಲ್ಲರ್, ಉಕ್ಕಿನ ಶಾಫ್ಟು, ನಡುವೆ ಉಪ್ಪುನೀರು ಎಂದರೆ ಅದೊಂದು ಬ್ಯಾಟರಿ. ಸವೆಯಲೆಂದೇ ಸತುವಿನ ತುಂಡೊಂದನ್ನು ಕಟ್ಟಿದರೆ ಉಳಿದವು ಬಚಾವು. ಈ ತಂತ್ರವನ್ನು 1824ರಲ್ಲಿ ಬ್ರಿಟಿಷ್ ನೌಕಾಪಡೆಗೆ ಹೇಳಿಕೊಟ್ಟವನು ಹಂಫ್ರಿ ಡೇವಿ. ಹಡಗಿನ ತಳದ ತಾಮ್ರದ ತಗಡು ಕರಗುವುದು ನಿಂತಿತು. ಕರಗುತ್ತಿದ್ದ ತಾಮ್ರವೇ ಕಡಲಜೀವಿಗಳಿಗೆ ವಿಷವಾಗಿ ಅವನ್ನು ದೂರ ಇಟ್ಟಿತ್ತು ಎಂಬುದು ಆಮೇಲೆ ತಿಳಿಯಿತು. ಉಳಿಸಿಕೊಂಡ ತಾಮ್ರದ ಮೇಲೆ ಚಿಪ್ಪುಜೀವಿಗಳು ಮೆತ್ತಿಕೊಂಡು ಹಡಗುಗಳ ವೇಗ ಕುಗ್ಗಿತು. ನೌಕಾಪಡೆ ರಕ್ಷಣೆಯ ಆ ತುಂಡುಗಳನ್ನು ಕಿತ್ತುಹಾಕಿತು. ಶಾಫ್ಟಿನ ವಿಷಯದಲ್ಲಿ ಅಂಥ ತೊಡಕಿಲ್ಲ. ಸತು ಅರ್ಧ ಸವೆದಾಗಲೇ ಬದಲಿಸಬೇಕು. ಸವೆಯದೆ ಹೊಸದರಂತೆಯೇ ಇದ್ದರೆ ಹಿಗ್ಗಬೇಕಿಲ್ಲ, ಅದಕ್ಕೂ ಶಾಫ್ಟಿಗೂ ನಡುವೆ ಬಣ್ಣ ಸಿಕ್ಕಿ ವಿದ್ಯುತ್ ಹರಿಯುತ್ತಿಲ್ಲ ಎಂದರ್ಥ.

ಬೇರಿಂಗಿಗೆ ರಬ್ಬರ್ ಬಂದದ್ದು ಒಂದು ಸ್ವಾರಸ್ಯದ ಆಕಸ್ಮಿಕ. 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಗಣಿ ಎಂಜಿನಿಯರ್ ಷೆರ್ವುಡ್, ನೀರೆತ್ತುವ ಪಂಪಿನ ಬೇರಿಂಗು ಕೆಟ್ಟಾಗ ಕೈಗೆ ಸಿಕ್ಕ ರಬ್ಬರ್ ಹೋಸಿನ ತುಂಡು ತುರುಕಿ ಕೆಲಸ ಸಾಗಿಸಿದ. ತಾತ್ಕಾಲಿಕ ಎಂದುಕೊಂಡದ್ದು ಲೋಹದ ಬೇರಿಂಗಿಗಿಂತ ಹೆಚ್ಚು ಕಾಲ ಬಾಳಿತು. ಮರಳು ಕಣ ಬಂದರೆ ಲೋಹ ಗೀರುಬೀಳುತ್ತದೆ. ರಬ್ಬರ್ ಮಣಿದು, ಕಣವನ್ನು ಉರುಳಿಸಿ, ಉದ್ದದ ತೋಡಿನೊಳಕ್ಕೆ ತಳ್ಳಿ ನೀರಿನೊಂದಿಗೆ ಹೊರಗೆ ಕಳಿಸುತ್ತದೆ. ಎಣ್ಣೆ ಬೇಡ, ನೀರೇ ಕೀಲೆಣ್ಣೆ. ಇಂದು ಸಣ್ಣ ದೋಣಿಗಳ ಶಾಫ್ಟು ಓಡುವುದು ಹೆಚ್ಚಾಗಿ ಇಂಥ ಬೇರಿಂಗಿನಲ್ಲೇ.

ಎಲ್ಲಕ್ಕಿಂತ ಕಷ್ಟದ್ದು ಗೆರೆ ಹಿಡಿಸುವುದು. ದೋಣಿಯಲ್ಲಿ ಗೇರ್ ಬಾಕ್ಸಿನ ಫ್ಲ್ಯಾಂಜೂ ಶಾಫ್ಟಿನ ಫ್ಲ್ಯಾಂಜೂ ಮುಖಕ್ಕೆ ಮುಖ ಕೊಟ್ಟು ಬಿಗಿಯುವಂಥವು. ಓರೆಯಿದ್ದರೆ ಬೋಲ್ಟು ಬಿಗಿದಾಗ ಶಾಫ್ಟೇ ಬಾಗುತ್ತದೆ, ಪ್ರತಿ ಸುತ್ತಿನಲ್ಲೂ ಬಾಗಿ ಏಳುತ್ತದೆ, ವೋಲರ್ ತೋರಿಸಿಕೊಟ್ಟ ಹಾಗೆಯೇ ದಣಿಯುತ್ತದೆ. ಆದ್ದರಿಂದ ಬೋಲ್ಟು ಬಿಚ್ಚಿ ಎರಡು ಮುಖ ಹತ್ತಿರ ತಂದು, ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಕಡೆ ಫೀಲರ್ ಗೇಜಿನ ತಗಡು ತೂರಿಸಿ ಸಂದಿ ಅಳೆಯುತ್ತಾರೆ. 100 ಮಿ.ಮೀ. ವ್ಯಾಸದ ಫ್ಲ್ಯಾಂಜಿಗೆ 0.1 ಮಿ.ಮೀ. ವ್ಯತ್ಯಾಸದ ತನಕ ಪರವಾಗಿಲ್ಲ. ಅಳೆಯುವಾಗ ಶಾಫ್ಟಿನ ತುದಿ ತನ್ನ ಭಾರಕ್ಕೆ ಜೋತುಬಿದ್ದಿರುತ್ತದೆ, ಅದನ್ನು ಸ್ವಲ್ಪ ಎತ್ತಿಹಿಡಿಯದಿದ್ದರೆ ಲೆಕ್ಕ ತಪ್ಪುತ್ತದೆ. ಸಂದಿ ಕಂಡರೆ ಮುಂದಿನ ಹೆಜ್ಜೆ ನನಗೆ ತುಂಬ ಇಷ್ಟವಾದದ್ದು: ಶಾಫ್ಟನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯುವುದು. ಸಂದಿ ಇದ್ದ ಜಾಗದಲ್ಲೇ ಉಳಿದರೆ ಎಂಜಿನ್ ಕೂತ ರೀತಿ ಸರಿಯಿಲ್ಲ. ಸಂದಿ ಶಾಫ್ಟಿನೊಂದಿಗೆ ಸುತ್ತಿಬಂದರೆ ಶಾಫ್ಟು ಬಾಗಿದೆ, ಇಲ್ಲವೇ ಅದರ ಫ್ಲ್ಯಾಂಜ್ ಸೊಟ್ಟಗಿದೆ. ಫೀಲರ್ ಗೇಜು, ಅರ್ಧ ಸುತ್ತು, ಇಷ್ಟರಲ್ಲಿ ದೋಷ ಯಾರದ್ದೆಂಬುದು ಇತ್ಯರ್ಥ.

ಈ ಅಳತೆಯನ್ನು ದೋಣಿ ದಡದ ಮೇಲಿದ್ದಾಗ ಮುಗಿಸಿಬಿಟ್ಟರೆ ಪ್ರಯೋಜನವಿಲ್ಲ. ಮರದ ಒಡಲು ದಡದಲ್ಲಿ ದಿಮ್ಮಿಗಳ ಮೇಲೆ ಕೂತಾಗಿನ ಆಕಾರ ಬೇರೆ, ತೇಲುವಾಗಿನದು ಬೇರೆ. ನೀರು ಅಗಲವಾದ ನಡುಭಾಗವನ್ನು ಎತ್ತುತ್ತದೆ, ಕಿರಿದಾದ ಎರಡು ತುದಿ ಜೋಲುತ್ತವೆ. ಹಳೆಯ ದೋಣಿಗಳಲ್ಲಿ ಈ ಜೋಲು ಇನ್ನೂ ಹೆಚ್ಚು. ಒಣಗಿದ ಹಲಗೆ ನೀರು ಕುಡಿದು ಹಿಗ್ಗುವುದೂ ಸೇರುತ್ತದೆ. ಹಾಗಾಗಿ ದಡದಲ್ಲಿ ಒಂದು ಅಂದಾಜಿಗೆ ಕೂರಿಸಿ, ನೀರಿಗಿಳಿಸಿ, ಒಂದೆರಡು ದಿನ ಬಿಟ್ಟು, ಡೀಸೆಲ್ ತುಂಬಿಸಿದ ಮೇಲೆ ಕೊನೆಯ ಅಳತೆ.

ಬಸ್ಸಿಗೂ ಈ ಮಾತು ಹಾಗೇ ಅನ್ವಯಿಸುತ್ತದೆ. ಜಾಕ್ ಮೇಲೆ ಎತ್ತಿದ ಬಸ್ಸಿನಲ್ಲಿ ಆಕ್ಸಲ್ ಜೋತುಬಿದ್ದು ಜಾಯಿಂಟಿನ ಕೋನವೇ ಬೇರೆಯಾಗಿರುತ್ತದೆ. ಚಕ್ರ ನೆಲಕ್ಕೂರಿ ಲೀಫ್ ಸ್ಪ್ರಿಂಗಿನ ಮೇಲೆ ಭಾರ ಬಿದ್ದಾಗಿನ ಕೋನವೇ ಲೆಕ್ಕಕ್ಕೆ ಬರುವುದು. ಒಂದೇ ಜಾಯಿಂಟಿನ ಕ್ರಾಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ಕ್ರಾಸಿನ ಕಂಪನಿಯನ್ನು ಬದಲಿಸುವ ಮೊದಲು ಸ್ಪ್ರಿಂಗನ್ನು ನೋಡಬೇಕು. ಒಂದು ಪ್ಲೇಟು ಕಟ್ಟಾಗಿದ್ದರೆ, ಯು-ಬೋಲ್ಟು ಸಡಿಲವಾಗಿದ್ದರೆ ಆಕ್ಸಲ್ ತನ್ನ ಸುತ್ತ ತಾನೇ ತುಸು ಹೊರಳಿ ಹಿಂದಿನ ಜಾಯಿಂಟಿನ ಕೋನ ಮುಂದಿನದಕ್ಕೆ ಸಮನಾಗದೆ ಹೋಗುತ್ತದೆ. ಶಾಫ್ಟಿನ ಮೇಲೆ ಬರುವ ದೂರುಗಳಲ್ಲಿ ಬಹಳಷ್ಟು ಅದರ ನೆರೆಹೊರೆಯವರ ತಪ್ಪು ಎಂಬುದು ನನ್ನ ಎಣಿಕೆ.

ನಡುಕದ ಜಾಡು ಹಿಡಿಯುವುದಕ್ಕೂ ಸರಳ ಲೆಕ್ಕವಿದೆ. ಶಾಫ್ಟು ನಿಮಿಷಕ್ಕೆ 1,200 ಸುತ್ತಿದಾಗ ಬಾಗು ಅಥವಾ ತೂಕದ ಅಸಮತೋಲ ಸೆಕೆಂಡಿಗೆ 20 ಸಲ ನಡುಗಿಸುತ್ತದೆ. ಜಾಯಿಂಟಿನ ಕೋನದ ದೋಷವಾದರೆ ಸುತ್ತಿಗೆರಡರಂತೆ 40 ಸಲ. ಟೈರಿನ ದೋಷ, ಆಕ್ಸಲ್ ವೇಗವನ್ನು ಆರನೇ ಒಂದಕ್ಕೆ ಇಳಿಸುವ ಬಸ್ಸಿನಲ್ಲಿ, ಸೆಕೆಂಡಿಗೆ ಮೂರು ಚಿಲ್ಲರೆ ಸಲ, ಅದನ್ನು ಬೆರಳಲ್ಲೇ ಎಣಿಸಬಹುದು. ಖಾಲಿ ರಸ್ತೆಯಲ್ಲಿ ನಡುಗುವ ವೇಗಕ್ಕೆ ತಂದು ಕ್ಲಚ್ ಒತ್ತಿದರೆ ಎಂಜಿನ್ನಿನ ಸುತ್ತು ಇಳಿಯುತ್ತದೆ, ಶಾಫ್ಟನ್ನು ಮಾತ್ರ ಚಕ್ರಗಳು ತಿರುಗಿಸುತ್ತಲೇ ಇರುತ್ತವೆ. ಆಗಲೂ ನಡುಕ ನಿಲ್ಲದಿದ್ದರೆ ಎಂಜಿನ್ ನಿರಪರಾಧಿ. ಅಸಮತೋಲ ಎಂದರೆ ಎಷ್ಟು ಸಣ್ಣದು ಎಂಬುದನ್ನೂ ನೋಡಿ: 90 ಮಿ.ಮೀ. ಕೊಳವೆಯ ಮೈಗೆ ಅಂಟಿದ 20 ಗ್ರಾಂ, 2,400 ಸುತ್ತಿನಲ್ಲಿ ಸುಮಾರು 6 ಕಿಲೋ ಭಾರದಷ್ಟು ಜಗ್ಗುತ್ತದೆ. ರಸ್ತೆಯ ಟಾರು ಮೆತ್ತಿ 100 ಗ್ರಾಂ ಆದರೆ 29 ಕಿಲೋ. ಕೊಳವೆಯ ತುದಿಯಲ್ಲಿ ಯಾರೋ ಸುಮ್ಮನೆ ಅಂಟಿಸಿದಂತೆ ಕಾಣುವ ಸಣ್ಣ ತಗಡಿನ ಚೂರುಗಳು ಈ ಲೆಕ್ಕವನ್ನು ಸರಿದೂಗಿಸಲು ಕಾರ್ಖಾನೆಯವರು ವೆಲ್ಡ್ ಮಾಡಿದ್ದು. ಪೇಂಟ್ ಹೊಡೆಯುವ ಹುಡುಗರು ಮೈ ಕೆರೆಯುವಾಗ ಅವನ್ನು ಉಳಿಯಿಂದ ಎಬ್ಬಿಸದ ಹಾಗೆ ಮೊದಲೇ ಹೇಳಿಡಬೇಕು.

ಜೋಡಣೆ ಮುಗಿದ ಮೇಲೂ ಎರಡೂ ಕಡೆ ಸ್ವಲ್ಪ ಕೆಲಸ ಉಳಿದಿರುತ್ತದೆ. ಬಸ್ಸಿನ ಫ್ಲ್ಯಾಂಜ್ ಬೋಲ್ಟುಗಳು ಮೊದಲ ಕೆಲವು ಟ್ರಿಪ್ಪಿನಲ್ಲಿ ಕೂತುಕೊಂಡು ತುಸು ಸಡಿಲವಾಗುತ್ತವೆ, ಡಿಪೊಗೆ ಮರಳಿದಾಗ ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡಿಯಬೇಕು. ದೋಣಿಯಲ್ಲಿ ಗ್ಲ್ಯಾಂಡಿನ ನಟ್ಟನ್ನು ನೀರು ಪೂರ್ತಿ ನಿಲ್ಲುವವರೆಗೆ ಬಿಗಿಯುವ ಆಸೆಯಾಗುತ್ತದೆ. ಹಾಗೆ ಬಿಗಿದರೆ ದಾರ ಒಣಗಿ ಕಾದು ಶಾಫ್ಟಿನ ಮೈಯನ್ನು ಉಜ್ಜಿ ತಿನ್ನುತ್ತದೆ. ಶಾಫ್ಟು ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ತೊಟ್ಟಿಕ್ಕಲು ಬಿಟ್ಟು, ಅರ್ಧ ತಾಸು ಓಡಿಸಿ, ಗ್ಲ್ಯಾಂಡನ್ನು ಕೈಯಿಂದ ಮುಟ್ಟಿ ನೋಡಬೇಕು: ಬೆಚ್ಚಗಿದ್ದರೆ ಸರಿ, ಸುಟ್ಟರೆ ನಟ್ಟನ್ನು ಸ್ವಲ್ಪ ಹಿಂದಕ್ಕೆ ಬಿಡಬೇಕು.